ಒಂಬತ್ತನೇ ನಂಬರಿನ ಕಲ್ಲು

2 ಸೆಪ್ಟೆಂಬರ್ 2000, ಶನಿವಾರ

ಟ್ರೇನಿಂಗಿನ ನಾಲ್ಕನೇ ಶನಿವಾರ. ಫಾಸ್ಟರ್ ಸಿಟಿಯ ಮನೆಯಿಂದ 92ನೇ ಹೆದ್ದಾರಿ ಹಿಡಿದು ಗುಡ್ಡ ದಾಟಿ, ಹಾಫ್ ಮೂನ್ ಬೇಯಲ್ಲಿ ಎಡಕ್ಕೆ ತಿರುಗಿ, ಸಮುದ್ರದ ಪಕ್ಕದಲ್ಲೇ ಅರ್ಧ ಗಂಟೆ. ಮ್ಯೂಸಿಯಮ್ಮಿನ ಬೋರ್ಡು ಕಾಣುವ ಮೊದಲೇ ಬಿಳಿ ಬಂಡೆಗಳು ಕಾಣುತ್ತವೆ. ಎಲ್ಲರೂ ಚಾಕ್ ಕ್ಲಿಫ್ಸ್, ಸೀಮೆಸುಣ್ಣದ ಬಂಡೆ, ಅಂತಾರೆ. ಚಾಕ್ ಅಲ್ಲ. ಮೊದಲ ವಾರವೇ ಮನೆಯಿಂದ ವಿನೆಗರ್ ಒಯ್ದು ಒಂದು ಹನಿ ಹಾಕಿ ನೋಡಿದ್ದೆ — ಸುಣ್ಣ ಇದ್ದರೆ ನೊರೆ ಬರಬೇಕು. ಬರಲಿಲ್ಲ. ಸಮುದ್ರದ ತಳದ ಕೆಸರು ಗಟ್ಟಿಯಾದದ್ದು, ಅಷ್ಟೇ. ಲೊರೇನ್‌ಗೆ ಹೇಳಿದೆ. "ಗೊತ್ತು ಖಾಲಿದಾ, ಆದರೆ ಬೋರ್ಡು ಬರೆಸಿ ಆಗಿದೆ" ಅಂತ ನಕ್ಕಳು.

ಲೊರೇನ್ ಮ್ಯೂಸಿಯಂ ನಡೆಸುವವಳು. ಕಟ್ಟಿದವರು ಅವಳಪ್ಪ ಡಾ. ಥಾರ್ನ್‌ಬಿ. ಎಂಬತ್ತೊಂದು ವರ್ಷ, ಬೆನ್ನು ಇನ್ನೂ ನೆಟ್ಟಗೆ. ಮ್ಯೂಸಿಯಂ ಇರೋದು ಹಳೇ ತರಕಾರಿ ಗೋದಾಮಿನಲ್ಲಿ. ಒಳಗೆ ಹನ್ನೆರಡು ಕಡೆ ನಿಂತು ಹೇಳಬೇಕು, ಡೈನೋಸಾರ್‌ಗಳು ಯಾಕೆ ಅಳಿದವು ಅಂತ. ಆಕಾಶದಿಂದ ಬಿದ್ದ ಕಲ್ಲು, ನೆಲದಿಂದ ಉಕ್ಕಿದ ಲಾವಾ, ಕತ್ತಲಾದ ವರ್ಷಗಳು. ಗೈಡ್ ಆಗುವವರು ಕಾರ್ಡಿನಲ್ಲಿ ಇದ್ದಷ್ಟೇ ಹೇಳಬೇಕು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ.

ಅಕ್ಟೋಬರ್ 14ಕ್ಕೆ ಡಾಕ್ಟರ ಮುಂದೆ ಟೆಸ್ಟ್ ಟೂರು. ಪಾಸಾದರೆ ಬ್ಯಾಜು. ಬ್ಯಾಜು ಸಿಕ್ಕವರಿಗೆ ಡಾಕ್ಟರು ಯೂನಿವರ್ಸಿಟಿಗೆ ಶಿಫಾರಸು ಪತ್ರ ಕೊಡುತ್ತಾರೆ. ಅರ್ಜಿಗೆ ನವೆಂಬರ್ ಒಂದು ಕೊನೇ ದಿನ. ಸೀಟು ಸಿಕ್ಕರೆ ಸ್ಟೂಡೆಂಟ್ ವೀಸಾ, ನನ್ನದೇ ಹೆಸರಿನಲ್ಲಿ. ಆರು ವರ್ಷದಿಂದ ನನ್ನ ಕಾಗದಗಳಲ್ಲೆಲ್ಲ ಗಂಡನ ಡಿಪೆಂಡೆಂಟ್ ಅಂತಿದೆ. ಧಾರವಾಡದಲ್ಲಿ ಜಿಯಾಲಜಿ ಎಂ.ಎಸ್ಸಿ. ಮಾಡಿದವಳು, ಸುತ್ತಿಗೆ ಹಿಡಿದು ಸುಡುಬಿಸಿಲಲ್ಲಿ ಬಂಡೆ ಹತ್ತಿದವಳು — ಡಿಪೆಂಡೆಂಟ್!

ಹನ್ನೆರಡರಲ್ಲಿ ನನ್ನ ಪ್ರೀತಿಯದು ಒಂಬತ್ತನೇ ನಂಬರು. ಗಾಜಿಲ್ಲ, ಮುಟ್ಟಬಹುದು. ಒಂದು ಗೇಣು ಎತ್ತರದ ಕಟ್ಟೆ, ಮೇಲೆ ಅರ್ಧಚಂದ್ರದಂಥ ಕರೀ ಕಲ್ಲು. ಕಾರ್ಡಿನಲ್ಲಿ: ದಖ್ಖನ್ ಲಾವಾ, ಗುಲ್ಬರ್ಗಾ ಜಿಲ್ಲೆ, ಇಂಡಿಯಾ. ಸಂಗ್ರಹ ಡಾ. ಥಾರ್ನ್‌ಬಿ, 1951. ಮೈ ನುಣುಪಾದದ್ದು ಲಾವಾ ಹರಿದು. ಸಣ್ಣ ಗುಳಿಗಳು ಗಾಳಿಯ ಗುಳ್ಳೆಗಳು.

ಪೆಸಿಫಿಕ್ ದಂಡೆಯಲ್ಲಿ ನಮ್ಮೂರ ಹೆಸರು. ಮೊದಲ ದಿನ ಓದಿ ಅಳು ಬಂದುಬಿಟ್ಟಿತ್ತು.

5 ಸೆಪ್ಟೆಂಬರ್, ಮಂಗಳವಾರ

ಜಿಕ್ರಾಳನ್ನು ಕೂರಿಸಿಕೊಂಡು ಸ್ಕ್ರಿಪ್ಟು ಒಪ್ಪಿಸಿದೆ. ಒಂಬತ್ತು ವರ್ಷದ ಮಗಳು ನನ್ನ ಇಂಗ್ಲಿಷ್ ತಿದ್ದುತ್ತಾಳೆ. "ಅಮ್ಮಿ, ನಾಟ್ ವಾಲ್ಕೆನೋ. ವಾಲ್ಕೇನೋ." ತಿದ್ದಲಿ.

ನನ್ನ ಗಂಡ ಮನ್ಸೂರ್ ಬಂದದ್ದು ಊಟ ಆದ ಮೇಲೆ. ಅವನ ಸ್ಟಾರ್ಟಪ್ಪಿನಲ್ಲಿ ಯಾವಾಗಲೂ ಒಂದು ಡೆಮೊ. "ಎಲ್ಲಿಗೆ ಬಂತು ನಿನ್ನ ಪ್ರಳಯ?" ಅಂತ ಕೇಳಿ ಸೋಫಾದಲ್ಲೇ ನಿದ್ದೆ. ಬೆಂಗಳೂರಿನ ಹುಡುಗ, ಕನ್ನಡ ಮಾತಾಡ್ತಾನೆ, ಓದಲು ಬರಲ್ಲ. ಮನೆಯಲ್ಲಿ ಉರ್ದು, ಹೊರಗೆ ಇಂಗ್ಲಿಷು. ಈ ನೋಟುಬುಕ್ಕು ಕನ್ನಡದಲ್ಲಿರೋದು ಅದಕ್ಕೇ. ಎಲ್ಲರ ಎದುರೇ ಮೇಜಿನ ಮೇಲೆ ಬಿದ್ದಿರುತ್ತೆ, ಬೀಗ ಬೇಡ.

ಪಕ್ಕದ ಅಪಾರ್ಟ್‌ಮೆಂಟಿನ ವೇದವತಿಯ ತಾಯಿ ಬಂದಿದ್ದಾರೆ, ಆರು ತಿಂಗಳಿಗೆ. ಕಮಲವ್ವ. ಆಳಂದದ ಕಡೆಯವರು. ನಮ್ಮ ಜಿಲ್ಲೆ! ಮಗಳು ಶನಿವಾರವೂ ಲ್ಯಾಬಿಗೆ ಹೋಗ್ತಾಳೆ, ಇವರು ಗೋಡೆ ನೋಡುತ್ತ ಕೂರುತ್ತಾರೆ. "ನನ್ನೂ ಎಲ್ಲೆರ ಕರಕೊಂಡ ಹೋಗ ಯವ್ವಾ. ಹಿಂಗ ಕುಂತು ಕುಂತು ಕಾಲು ಜೋಮ ಹಿಡದಾವ" ಅಂದರು. ಶನಿವಾರ ಕರೆದೊಯ್ಯುತ್ತೇನೆ. ನಮ್ಮೂರ ಕಲ್ಲು ತೋರಿಸಿದ ಹಾಗೂ ಆಯಿತು.

9 ಸೆಪ್ಟೆಂಬರ್, ಶನಿವಾರ, ಸಂಜೆ 5

ಈಗಷ್ಟೇ ಮನೆಗೆ ಬಂದೆ. ಬರೆದೇ ತೀರಬೇಕು.

ಎಂಟು ಕಡೆ ಕಮಲವ್ವ ಸೆರಗು ಹೊದ್ದು ಸುಮ್ಮನೆ ನಡೆದರು. ಎಲುಬು ನೋಡಿ "ಎಷ್ಟ ದೊಡ್ಡದಿತ್ತಲ್ಲ ಪಾಪ" ಅಂದರು, ಅಷ್ಟೇ. ಒಂಬತ್ತಕ್ಕೆ ಬಂದಾಗ ಒಬ್ಬ ಪುಟ್ಟ ಹುಡುಗಿ ಆ ಕಲ್ಲಿನ ಮೇಲೆ ಶೂ ಹಾಕಿಕೊಂಡು ನಿಂತಿದ್ದಳು. ಮಕ್ಕಳು ಯಾವಾಗಲೂ ನಿಲ್ಲುತ್ತಾರೆ. ಮೇಲೆ ಗೋಡೆಗೆ ಡೈನೋಸಾರಿನ ದವಡೆ ಇದೆ, ಅದು ಸರಿಯಾಗಿ ಕಾಣಲಿ ಅಂತ. ಯಾರೂ ಏನೂ ಅನ್ನೋದಿಲ್ಲ. ನಾನೂ ಅಂದಿರಲಿಲ್ಲ.

"ಏ ತಂಗಿ, ಇಳೀ! ಕೆಳಗ ಇಳೀ! ರೊಟ್ಟಿ ಕೊಡೂ ಕಲ್ಲಿನ ಮ್ಯಾಲ ಕಾಲ ಇಡ್ತಾರೇನ?"

ಇಡೀ ಗೋದಾಮು ತಿರುಗಿ ನೋಡಿತು. ಹುಡುಗಿ ಕಕ್ಕಾಬಿಕ್ಕಿಯಾಗಿ ಜಿಗಿದಳು. ಕಮಲವ್ವ ಬಗ್ಗಿ ಕಲ್ಲನ್ನು ಮುಟ್ಟಿ, ಕೈ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ನನಗೆ ಬೈಗುಳ.

"ಖಾಲಿದಾ, ಇದು ಬೀಸೂ ಕಲ್ಲ ಅಲ್ಲೇನ? ಕೆಳಗಿನ ಕಲ್ಲ, ಅರ್ಧ ಮುರದಾದ. ನೋಡಿಲ್ಲಿ, ನಡುವ ಗೂಟದ ತೂತು. ಅದೂ ಅರ್ಧ."

"ಅವ್ವಾ, ಅದು ಲಾವಾ ರೀ. ಬೆಂಕಿ ಗುಡ್ಡದಾಗಿಂದ ಬಂದದ್ದು."

"ಎಲ್ಲಿಂದರ ಬರಲಿ. ನಾ ಮದಿವಿ ಆಗಿ ಬಂದಾಗಿಂದ ಇಪ್ಪತ್ತೈದ ವರ್ಷ ಇದರ ಮುಂದ ಕುಂತೀನಿ. ಇವು ಗುಳ್ಳಿ ಅಲ್ಲ, ಉಳೀ ಪೆಟ್ಟು. ಕಲ್ಲ ನುಣ್ಣಗಾತಂದ್ರ ಕಾಳು ಜಾರ್ತಾವ. ವರ್ಷಕ್ಕೊಮ್ಮೆ ಕಲ್ಲ ಹೊಡಿಯಾವ ಬಂದು ಉಳೀಲೆ ಹೊಡದ ಹೋಗ್ತಿದ್ದ."

ಮಂಡಿಯೂರಿ ನೋಡಿದೆ. ಗಾಳಿಗುಳ್ಳೆ ಎಲ್ಲೆಂದರಲ್ಲಿ ಇರುತ್ತವೆ, ದೊಡ್ಡದು ಚಿಕ್ಕದು. ಇವು ಸಾಲಾಗಿದ್ದವು. ಸಾಲು ಸಾಲು.

10 ಸೆಪ್ಟೆಂಬರ್, ಭಾನುವಾರ

ಯಾರ ಮೇಲೆ ಸಿಟ್ಟು? ನನ್ನ ಮೇಲೆ. ನಾಲ್ಕು ಶನಿವಾರ ಆ ಕಲ್ಲನ್ನು ತಡವಿದ್ದೇನೆ. ಗಾಳಿಗುಳ್ಳೆ ಅಂತ ಗಿಳಿಪಾಠ ಒಪ್ಪಿಸಿದ್ದೇನೆ. ಗುಲ್ಬರ್ಗಾ ಅಂತ ಇಂಗ್ಲಿಷಿನಲ್ಲಿ ಬರೆದಿತ್ತಲ್ಲ, ಅಷ್ಟಕ್ಕೇ ಕರಗಿಹೋದೆ. ಹೆಸರು ನೋಡಿದೆ, ಕಲ್ಲು ನೋಡಲಿಲ್ಲ. ನಮ್ಮ ಮನೆ ಪೇಟೆಯಲ್ಲಿ, ಓಣಿಯ ತುದಿಗೇ ಹಿಟ್ಟಿನ ಗಿರಣಿ. ಬೀಸುಕಲ್ಲನ್ನು ಮದುವೆಮನೆಯಲ್ಲಿ ಅರಿಶಿನ ಬೀಸುವಾಗ ದೂರದಿಂದ ನೋಡಿದ್ದೇ ಹೆಚ್ಚು. ಎಂ.ಎಸ್ಸಿ. ಸೆಕೆಂಡ್ ರ್‍ಯಾಂಕ್, ಅಕ್ಷರ ಬಾರದ ಕಮಲವ್ವ ಒಂದು ನಿಮಿಷದಲ್ಲಿ ಕಂಡದ್ದನ್ನು ಕಾಣಲಿಲ್ಲ.

ನಾಚಿಕೆ ಸಾಕು. ಈಗ ಸರಿ ಮಾಡಬೇಕು.

16 ಸೆಪ್ಟೆಂಬರ್, ಶನಿವಾರ

ಲೊರೇನ್‌ಗೆ ಹೇಳಿದೆ. ನಕ್ಕಳು. ನಗು ನಿಂತ ಮೇಲೆ: "ಅದು ಡ್ಯಾಡ್ ಸ್ವಂತ ಕೈಯಿಂದ ತಂದದ್ದು. ಅವರಿಗೆ ಗೊತ್ತಿರಲ್ವಾ?" ನಾನು ಸಾಲು ತೋರಿಸಿದೆ. ಗೂಟದ ತೂತು ತೋರಿಸಿದೆ. ಒಂದು ಫಾರ್ಮ್ ಕೊಟ್ಟಳು. ಸಲಹೆ ಇದ್ದರೆ ಬರೆದು ಪೆಟ್ಟಿಗೆಗೆ ಹಾಕಬೇಕಂತೆ. ಎರಡೂ ಬದಿ ತುಂಬಿಸಿ ಹಾಕಿದೆ.

23 ಸೆಪ್ಟೆಂಬರ್

ಫಾರ್ಮ್ ವಾಪಸ್. ಕೆಳಗೆ ಡಾಕ್ಟರ ಕೈಬರಹ, ಎರಡೇ ಪದ: ಬದಲಾವಣೆ ಬೇಡ.

ಹಿಂದೆ ಲೊರೇನ್‌ಳ ಚೀಟಿ — ಮಕ್ಕಳ ಮೇಲೆ ಕೂಗಾಡುವ ಅತಿಥಿಗಳನ್ನು ದಯವಿಟ್ಟು ಕರೆತರಬೇಡಿ.

1 ಅಕ್ಟೋಬರ್, ಭಾನುವಾರ

ಮನ್ಸೂರ್ ಜೊತೆ ಜಗಳ. ಜಗಳ ಅಂದರೆ ಅವನದು ನ್ಯಾಯವೇ.

"ಮೊದಲು ಬ್ಯಾಜ್ ತಗೋ. ಲೆಟರ್ ತಗೋ. ಸೀಟ್ ಸಿಗಲಿ. ಆಮೇಲೆ ಹೋಗಿ ಬೇಕಾದ್ದು ಹೇಳು."

"ಆ ದಿನ ನನ್ನ ಬಾಯಿಂದ ಗಾಳಿಗುಳ್ಳೆ ಅಂತ ಬರಬೇಕಲ್ಲ."

"ನಮ್ಮ ಡೆಮೊದಲ್ಲಿ ನಾನು ದಿನಾ ಹೇಳ್ತೀನಿ, ಎಲ್ಲಾ ವರ್ಕ್ ಆಗ್ತಿದೆ ಅಂತ. ಅರ್ಧ ಬಟನ್ನಿನ ಹಿಂದೆ ಏನೂ ಇಲ್ಲ. ಎಲ್ಲರೂ ಸ್ಕ್ರಿಪ್ಟೇ ಓದೋದು, ಖಾಲಿದಾ."

"ನೀನು ಓದು. ಸಂಬಳ ಕೊಡ್ತಾರೆ. ನನಗೆ ಯಾರೂ ಸಂಬಳ ಕೊಡಲ್ಲ. ಸುಳ್ಳನ್ನು ಬಿಟ್ಟಿಯಾಗಿ ಯಾಕೆ ಹೇಳಲಿ?"

ಅವನಿಗೆ ನಗು ಬಂತು, ತಡೆದುಕೊಂಡ. ನನಗೆ ಬರಲಿಲ್ಲ. ಆ ಪತ್ರ ನನಗೆ ಬೇಕು. ಎಷ್ಟು ಬೇಕು ಅಂದರೆ, ಬಾತ್‌ರೂಮಿನಲ್ಲಿ ಒಬ್ಬಳೇ ನಿಂತು ಸ್ಕ್ರಿಪ್ಟಿನ ಒಂಬತ್ತನೇ ಭಾಗ ಹೇಳಿ ನೋಡಿದೆ. ಹೇಳಲು ಬರುತ್ತೆ. ಅದೇ ಹೆದರಿಕೆ.

7 ಅಕ್ಟೋಬರ್, ಶನಿವಾರ

ಜಿಕ್ರಾ ಜೊತೆ ಹೋದೆ. ತೆಳು ಕಾಗದ ಹಾಸಿ, ಪೆನ್ಸಿಲ್ ಮಲಗಿಸಿ ಉಜ್ಜಿದಳು. ಶಾಲೆಯಲ್ಲಿ ಎಲೆಗಳ ಮೇಲೆ ಮಾಡಿಸಿದ್ದರಂತೆ. ಕಾಗದದ ಮೇಲೆ ಗುಳಿಗಳು ಒಂದೊಂದೇ ಎದ್ದವು, ತೂತಿನ ಸುತ್ತ ಬಳಸಿಕೊಂಡು, ಸಾಲು ಬಿಡದೆ.

"ಅಮ್ಮಿ, ಸಮ್‌ಬಡಿ ಮೇಡ್ ದಿಸ್."

ಹೂಂ ಮಗಳೇ. ಯಾರೋ ಮಾಡಿದ್ದು.

ದೂರದಲ್ಲಿ ಡಾ. ಥಾರ್ನ್‌ಬಿ ಕೋಲು ಊರಿ ನಿಂತಿದ್ದರು. ನೋಡಿದರು. ಹತ್ತಿರ ಬರಲಿಲ್ಲ.

13 ಅಕ್ಟೋಬರ್, ಶುಕ್ರವಾರ

ಕಮಲವ್ವ ಬಾಗಿಲು ಬಡಿದು ಒಂದು ಜಿಪ್‌ಲಾಕ್ ಚೀಲ ಕೈಗಿಟ್ಟರು. ಬಿಳಿ ಜೋಳ. ಊರಿಂದ ತಂದದ್ದರಲ್ಲಿ ಉಳಿದಿತ್ತಂತೆ.

"ನಾ ಬರಂಗಿಲ್ಲ. ನಿನ್ನ ಪರೀಕ್ಷಾ ನನ್ನಿಂದ ಕೆಡೂದು ಬ್ಯಾಡ. ಆದ್ರ ಆ ಕಲ್ಲಿನ ಮುಂದ ಬರಿಗೈಲೆ ಹೋಗಬ್ಯಾಡ. ಎಷ್ಟ ವರ್ಷ ಆಗಿರಬೇಕು ಅದು ಕಾಳು ಕಂಡು."

ಅವರ ಮನೆಯಲ್ಲಿ ಬೀಸುಕಲ್ಲನ್ನು ಬರಿದಾಗಿ ಬಿಡುತ್ತಿರಲಿಲ್ಲವಂತೆ. ಬೀಸಿ ಎದ್ದ ಮೇಲೂ ಒಂದು ಚಿಟಿಕೆ ಕಾಳು ಕಲ್ಲಿನ ಬಾಯಲ್ಲಿ. ಅದು ಕಲ್ಲಿನ ಪಾಲು.

ನಾಳೆ ಹಾಫ್ ಮೂನ್ ಬೇಯಲ್ಲಿ ಕುಂಬಳಕಾಯಿ ಜಾತ್ರೆ, 92ರಲ್ಲಿ ಟ್ರಾಫಿಕ್ ನಿಂತೇಬಿಡುತ್ತೆ. ಏಳಕ್ಕೇ ಹೊರಡಬೇಕು. ಏನು ಹೇಳ್ತೀನೋ ನನಗೇ ಗೊತ್ತಿಲ್ಲ. ಸುಳ್ಳು. ಗೊತ್ತಿದೆ.

14 ಅಕ್ಟೋಬರ್, ಶನಿವಾರ, ಮಧ್ಯಾಹ್ನ 3

ಎಂಟು ಕಡೆ ಸ್ಕ್ರಿಪ್ಟು. ಒಂದು ಅಕ್ಷರ ತಪ್ಪಿಲ್ಲ. ಡಾಕ್ಟರು ಎದುರಿಗೆ, ಲೊರೇನ್ ಪ್ಯಾಡ್ ಹಿಡಿದು ಟಿಕ್ ಹಾಕುತ್ತ. ಪ್ರೇಕ್ಷಕರು ಐದು ಜನ — ಗಿಲ್‌ರಾಯ್‌ನಿಂದ ಬಂದ ಗಂಡಹೆಂಡತಿ, ಅವರ ಇಬ್ಬರು ಮಕ್ಕಳು, ಮತ್ತೆ ನನ್ನ ಜಿಕ್ರಾ.

ಒಂಬತ್ತು. ಕಾರ್ಡಿನ ಮೊದಲ ಸಾಲು ಹೇಳಿದೆ, ಅದು ನಿಜ. ದಖ್ಖನ್ ಲಾವಾ, ಗುಲ್ಬರ್ಗಾ ಜಿಲ್ಲೆ. ಎರಡನೇ ಸಾಲು ಬಾಯಿಗೆ ಬಂತು. ನುಂಗಿದೆ.

ಅಂದೆ: "ಕಾರ್ಡಿನಲ್ಲಿ ಮುಂದೆ ಬರೆದಿರೋದು ತಪ್ಪು."

ಲೊರೇನ್‌ಳ ಪೆನ್ನು ನಿಂತಿತು. ನೆಲದಲ್ಲೇ ಕೂತೆ, ಒಂದು ಕಾಲು ಚಾಚಿ, ಒಂದು ಮಡಿಸಿ — ಕಮಲವ್ವ ತೋರಿಸಿಕೊಟ್ಟ ಹಾಗೆ. ಜೋಳ ಹರಡಿದೆ. ದಂಡೆಯಲ್ಲಿ ಆರಿಸಿಟ್ಟುಕೊಂಡ ಉರುಟು ಕಲ್ಲಿನಿಂದ ಒತ್ತಿ ಉಜ್ಜಿದೆ. ಮೊದಲು ಕಾಳು ಸಿಡಿದು ಓಡಿದವು. ಆಮೇಲೆ ಗುಳಿಗಳಲ್ಲಿ ಸಿಕ್ಕಿಕೊಂಡವು. ಕರ್ ಕರ್ ಸದ್ದು. ಒಡೆದವು. ಕರೀ ಕಲ್ಲಿನ ಮೇಲೆ ಬಿಳಿ ನುಚ್ಚು, ಹಿಟ್ಟು. ಗಿಲ್‌ರಾಯ್ ಮಕ್ಕಳು ಪಕ್ಕದಲ್ಲೇ ಬಂದು ಕೂತು ನಮಗೂ ಕೊಡು ಅಂದವು.

"ಈ ಲಾವಾ ಹರಿದಾಗ ಎಷ್ಟೋ ಜೀವಗಳು ಸತ್ತಿರಬಹುದು, ಆರೂವರೆ ಕೋಟಿ ವರ್ಷದ ಕೆಳಗೆ. ಅದರಿಂದಲೇ ನಮ್ಮ ಕಡೆ ಹೆಂಗಸರು ರೊಟ್ಟಿ ತೆಗೆದರು. ಇದು ಬೀಸುಕಲ್ಲು. ಈ ಗುಳಿಗಳು ಉಳಿಯ ಏಟು. ಇದರ ಮೇಲೆ ಯಾರೂ ಕಾಲಿಡಬೇಡಿ."

ಇಂಗ್ಲಿಷು ತಪ್ಪಿತೋ ಏನೋ. ಜಿಕ್ರಾ ತಿದ್ದಲಿಲ್ಲ.

ಡಾಕ್ಟರು ಬಂದು ಹಿಟ್ಟಿನಲ್ಲಿ ಬೆರಳಿಟ್ಟರು. ಬೈಯುತ್ತಾರೆ ಅಂದುಕೊಂಡೆ. ಪಕ್ಕದ ಬೆಂಚಿನ ಮೇಲೆ ಕುಸಿದು ಕೂತರು. ಯಾರಿಗೆ ಹೇಳ್ತಿದ್ದಾರೆ ಅಂತಲೂ ನೋಡದೆ ಹೇಳಿದರು:

"ಅದು ಒಂದು ಮನೆಯ ಹಿಂದೆ ಗೋಡೆಗೆ ಒರಗಿಸಿಟ್ಟಿತ್ತು. ಪೂರ್ತಿ ಇತ್ತು. ಹಡಗಿನಿಂದ ಇಳಿಸುವಾಗ ಒಡೆಯಿತು. ಅಂಥ ಒಳ್ಳೆಯ ಲಾವಾ ಎಲ್ಲೂ ಸಿಕ್ಕಿರಲಿಲ್ಲ. ಜೀಪಿಗೆ ಹಾಕಿಸಿದೆ. ಒಬ್ಬ ಹೆಂಗಸು ಹಿಂದೆ ಓಡಿ ಬಂದಳು, ಏನೋ ಕೂಗುತ್ತ. ಡ್ರೈವರ್‌ಗೆ ನಿಲ್ಲಿಸಬೇಡ ಅಂದೆ."

ಲೊರೇನ್ "ಡ್ಯಾಡ್" ಅಂತ ತಡೆದಳು.

ಹತ್ತು, ಹನ್ನೊಂದು, ಹನ್ನೆರಡು ಹೇಗೆ ಮುಗಿಸಿದೆನೋ ನೆನಪಿಲ್ಲ. ಕಾರಿನಲ್ಲಿ ಕೂತು ಅತ್ತೆ, ಸಿಟ್ಟಿಗೆ. ಆ ದಿನ ಸಂಜೆ ಆ ಮನೆಯಲ್ಲಿ ಒಲೆ ಹೇಗೆ ಹೊತ್ತಿಸಿದರೋ. ಮಕ್ಕಳಿಗೆ ಏನು ಹೇಳಿದಳೋ ಆಕೆ. ನಲವತ್ತೊಂಬತ್ತು ವರ್ಷ ಡಾಕ್ಟರಿಗೆ ಗೊತ್ತಿತ್ತು. ಗೊತ್ತಿದ್ದೇ ಗಾಳಿಗುಳ್ಳೆ ಅಂತ ಬರೆದರು.

20 ಅಕ್ಟೋಬರ್, ಶುಕ್ರವಾರ

ಆರು ದಿನ ಫೋನಿನ ಹತ್ತಿರವೇ ಕೂತಿದ್ದೆ. ಇವತ್ತು ಬಂತು.

ಪಾಸ್! ಲೊರೇನ್‌ಳ ದನಿ ಬೆಣ್ಣೆ. ಡ್ಯಾಡ್ ಒಪ್ಪಿದ್ದಾರೆ, ಒಂಬತ್ತನೇ ಕಾರ್ಡು ನೀನೇ ಹೊಸದಾಗಿ ಬರೆ. ಬೀಸುಕಲ್ಲು ಅಂತ ಬರೆ, ಕಲ್ಲನ್ನು ಎತ್ತರಕ್ಕೂ ಇಡಿಸ್ತೀವಿ. ಪತ್ರ ಟೈಪಾಗಿದೆ, ಸಹಿಯೂ ಆಗಿದೆ. 28ಕ್ಕೆ ಕಾರ್ಡು ತಂದು ಪತ್ರ ತಗೊಂಡು ಹೋಗು.

ಆಮೇಲೆ, ಸ್ವಲ್ಪ ತಡೆದು: "ಸಂಗ್ರಹ 1951 ಅಂತ ಇದೆಯಲ್ಲ, ಅದು ಹಾಗೇ ಇರಲಿ. ಜೀಪಿನ ವಿಷಯ ಬೇಡ. ಅವರಿಗೆ ವಯಸ್ಸಾಗಿದೆ, ಖಾಲಿದಾ. ಅದು ಇದ್ದರೆ ಪತ್ರ ಕೊಡೋದು ಕಷ್ಟ."

ಸಂಗ್ರಹ. ಎಷ್ಟು ಮರ್ಯಾದಸ್ಥ ಪದ.

25 ಅಕ್ಟೋಬರ್, ಬುಧವಾರ

ಮನ್ಸೂರ್ ಮಧ್ಯಾಹ್ನವೇ ಮನೆಗೆ ಬಂದ. ಅವರ ಫ್ಲೋರಿನಲ್ಲಿ ನಲವತ್ತು ಜನರನ್ನು ತೆಗೆದರಂತೆ. ಇವನು ಉಳಿದಿದ್ದಾನೆ. ಈ ಸಲ. ಅವನ ಕೆಲಸ ಹೋದರೆ ಅವನ ವೀಸಾ ಹೋಗುತ್ತೆ, ಜೊತೆಗೆ ನಮ್ಮಿಬ್ಬರದೂ. ನನಗೆ ಸೀಟು ಸಿಕ್ಕರೆ ಮೂವರೂ ನನ್ನ ವೀಸಾದ ಮೇಲೆ ನಿಲ್ಲಬಹುದು. ಇಬ್ಬರಿಗೂ ಗೊತ್ತು.

"ಬೀಸುಕಲ್ಲು ಅಂತ ಒಪ್ಪಿಸಿದೆಯಲ್ಲ. ಮುಕ್ಕಾಲು ಭಾಗ ಗೆದ್ದ ಹಾಗೆ" ಅಂದ, ಮೆಲ್ಲಗೆ.

"ಉಳಿದ ಕಾಲು ಭಾಗ ಯಾರದ್ದು?"

ಚಹಾ ಮಾಡಿ ತಂದು ಪಕ್ಕದಲ್ಲಿ ಕೂತ. ಎದ್ದು ಹೋಗುವಾಗ ಅಂದ: "ಏನು ಬರೆದರೂ ನನಗೆ ಓದಿ ಹೇಳು. ತಡೆಯಲ್ಲ."

ಪತ್ರ ಇಲ್ಲದೆಯೂ ಅರ್ಜಿ ಹಾಕಬಹುದಾ ಅಂತ ಯೂನಿವರ್ಸಿಟಿಗೆ ಫೋನ್ ಮಾಡಿದೆ. ಹಾಕಬಹುದು, ಆದರೆ ಇದ್ದರೆ ಒಳ್ಳೆಯದು ಅಂದರು. ಇದ್ದರೆ ಒಳ್ಳೆಯದು ಅಂತ ನನಗೂ ಗೊತ್ತು.

28 ಅಕ್ಟೋಬರ್, ಶನಿವಾರ, ಬೆಳಿಗ್ಗೆ 9:40

ಪಾರ್ಕಿಂಗ್ ಲಾಟಿನಲ್ಲಿದ್ದೇನೆ. ಪಕ್ಕದಲ್ಲಿ ಜಿಕ್ರಾ. ಹತ್ತಕ್ಕೆ ಬಾಗಿಲು ತೆಗೆಯುತ್ತಾರೆ.

ಕಾರ್ಡು ಬರೆದು ತಂದಿದ್ದೇನೆ. ಇಂಗ್ಲಿಷಿನಲ್ಲಿ, ಪೆನ್ನಿನಲ್ಲಿ. ಅಳಿಸಲಾಗದ ಹಾಗೆ. ಅದು ಒಳಗೆ ಹೋದ ಮೇಲೆ ಹರಿದು ಹಾಕಿಯಾರು, ಆದ್ದರಿಂದ ಇಲ್ಲಿ ಕನ್ನಡದಲ್ಲೂ ಇರಲಿ:

ಬೀಸುಕಲ್ಲು, ಕೆಳಗಿನ ಕಲ್ಲಿನ ಅರ್ಧ. ದಖ್ಖನ್ ಲಾವಾ, ಆರೂವರೆ ಕೋಟಿ ವರ್ಷ ಹಳೆಯದು. ಗುಲ್ಬರ್ಗಾ ಜಿಲ್ಲೆಯ ಒಂದು ಮನೆಯಲ್ಲಿ ಇದರ ಮೇಲೆ ಜೋಳ ಬೀಸುತ್ತಿದ್ದರು. 1951ರಲ್ಲಿ ಡಾ. ಥಾರ್ನ್‌ಬಿ ಇದನ್ನು ಮನೆಯವರನ್ನು ಕೇಳದೆ ತೆಗೆದುಕೊಂಡು ಬಂದರು. ಆ ಮನೆಯ ಹೆಂಗಸು ಜೀಪಿನ ಹಿಂದೆ ಓಡಿದಳು.

ನಿನ್ನೆ ಮನ್ಸೂರ್‌ಗೆ ಓದಿ ಹೇಳಿದೆ. "ಕಾರಿಗೆ ಪೆಟ್ರೋಲ್ ಹಾಕಿಸಿಟ್ಟಿದ್ದೀನಿ" ಅಂದ.

ಲೊರೇನ್ ಬಂದಳು, ಬೀಗ ತೆಗೀತಿದ್ದಾಳೆ. ಕೈಯಲ್ಲಿ ಉದ್ದನೆಯ ಬಿಳಿ ಲಕೋಟೆ. ನನ್ನ ಕಡೆ ಎತ್ತಿ ತೋರಿಸಿ ನಗ್ತಿದ್ದಾಳೆ. ಅವಳ ಹಿಂದೆ ಡಾಕ್ಟರು. ನೋಡಲಿ. ನನಗೆ ಹೆದರಿಕೆ ಇದೆ, ಆದರೂ ಕಾರ್ಡು ಇದೇ. ಬೇರೆ ಬರೆದಿಲ್ಲ, ಬರೆಯೋದೂ ಇಲ್ಲ.

ಜಿಕ್ರಾ ಕಾರ್ಡು ಓದಿ ಮುಗಿಸಿದಳು. "ಅಮ್ಮಿ, ವಾಟ್ ವಾಸ್ ಹರ್ ನೇಮ್?"

ಯಾರೂ ಕೇಳಲಿಲ್ಲ ಮಗಳೇ. ಡಾಕ್ಟರೂ ಕೇಳಲಿಲ್ಲ, ನಾನೂ ಇಷ್ಟು ದಿನ ಯೋಚಿಸಲಿಲ್ಲ. ಪೆನ್ನು ಕೈಲೇ ಇದೆ, ಕಾರ್ಡಿನ ಕೆಳಗೆ ಒಂದು ಬೆರಳಷ್ಟು ಜಾಗ ಉಳಿದಿದೆ. ಬರೀತೀನಿ. ಆಕೆಯ ಹೆಸರನ್ನು ಯಾರೂ ಕೇಳಲಿಲ್ಲ.